ಪರದೇಶದ ಚರ್ಚು ನೋಡಹೊರಟ ಮಗನಿಗೆ ಕಾಕಾನ ಪತ್ರ

ಬೀದರ

ಚಿರಂಜೀವಿ ಮಗನಿಗೆ ನಿನ್ನ ಕಾಕಾನ ಆಶೀರ್ವಾದಗಳು.

ಮುಂದಿನ ತಿಂಗಳು ನೀನೂ ಸೊಸೆಯೂ ರೋಮ್, ವೆನಿಸ್ ನೋಡಿಕೊಂಡು ಇಸ್ತಾಂಬುಲ್ ಮಾರ್ಗವಾಗಿ ಮರಳುವಿರೆಂದು ಅಣ್ಣ ತಿಳಿಸಿದರು. ಟಿಕೆಟ್, ವೀಸಾ, ಹೋಟೆಲುಗಳ ವಿಷಯದಲ್ಲಿ ನಿನಗೆ ಹೇಳುವಷ್ಟು ತಿಳಿವಳಿಕೆ ನನಗಿಲ್ಲ; ಆದರೆ ಹೋದ ದೀಪಾವಳಿಗೆ ಬಂದಾಗ ಮೊಣಕಾಲ ಮೇಲಿನ ಚಡ್ಡಿಯಲ್ಲೇ ನೆಂಟರ ಮನೆಗಳನ್ನೆಲ್ಲ ತಿರುಗಿದ ನಿನ್ನನ್ನು ಕಂಡವನಾದ್ದರಿಂದ, ಉಡುಪಿನ ಬಗ್ಗೆ ನಾಲ್ಕು ಮಾತು ಬರೆಯುವುದು ಅಗತ್ಯವೆನಿಸಿತು.

ವ್ಯಾಟಿಕನ್ನಿನ ಸಂತ ಪೀಟರರ ಬಸಿಲಿಕಾದೊಳಗೆ, ಎಂದರೆ ಅಲ್ಲಿನ ದೊಡ್ಡ ಚರ್ಚಿನೊಳಗೆ, ಹೋಗಲು ಭುಜವೂ ಮೊಣಕಾಲೂ ಮುಚ್ಚಿರಬೇಕು. ಈ ನಿಯಮ ಗಂಡಸರಿಗೂ ಅಷ್ಟೇ. ತಪಾಸಣೆಯ ಉದ್ದನೆಯ ಸಾಲಿನಲ್ಲಿ ಬಿಸಿಲಿಗೆ ನಿಂತು, ಕೊನೆಗೆ ಬಾಗಿಲಲ್ಲಿ ಚಡ್ಡಿಯ ಕಾರಣಕ್ಕೆ ವಾಪಸು ಕಳುಹಿಸಿದರೆ ತಪ್ಪು ನಿನ್ನದೇ. ವೆನಿಸ್‌ನ ಸಂತ ಮಾರ್ಕರ ಬಸಿಲಿಕಾದಲ್ಲೂ ಇದೇ ಪದ್ಧತಿ. ಅಲ್ಲಿ ದೊಡ್ಡ ಬೆನ್ನುಚೀಲವನ್ನೂ ಒಳಗೆ ಬಿಡುವುದಿಲ್ಲ. ಸೆಕೆಯ ನೆಪ ಹೇಳಬೇಡ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಹಿರಿಯರು ಉದ್ದ ತೋಳಿನ ಅಂಗಿ, ಧೋತರ, ರುಮಾಲು ಬಿಡದೆ ಹೊಲದಲ್ಲಿ ದುಡಿದಿದ್ದಾರೆ. ತೆಳು ಹತ್ತಿಯ ಪ್ಯಾಂಟು ನಿನ್ನನ್ನೇನೂ ಬೇಯಿಸದು.

ಇಷ್ಟನ್ನು ಟಿಕೆಟ್ ಮಾಡಿಸಿಕೊಟ್ಟವನೂ ಹೇಳುತ್ತಾನೆ. ನಾನು ಬರೆಯಹೊರಟದ್ದು ನಾನೇ ಎಡವಿದ ಸಂಗತಿ. ನಿವೃತ್ತನಾದ ವರ್ಷ ಗುಂಪಿನೊಡನೆ ಇಟಲಿಗೆ ಹೋಗಿದ್ದಾಗ ಒಂದು ಸಂಜೆ ಓಣಿಯೊಳಗಿನ ಸಣ್ಣ ಚರ್ಚೊಂದಕ್ಕೆ ಕಾಲಿಟ್ಟೆ. ಚಿಕ್ಕಂದಿನಿಂದ ನಮ್ಮೂರಿನ ನಾನಕ್ ಝೀರಾ ಗುರುದ್ವಾರಕ್ಕೆ ಹೋಗಿಬಂದ ನನಗೆ, ಪೂಜ್ಯ ಸ್ಥಳದ ಹೊಸ್ತಿಲಲ್ಲಿ ಕೈ ತಾನಾಗಿ ಕರವಸ್ತ್ರಕ್ಕೆ ಹೋಗುವ ರೂಢಿ. ಅಲ್ಲಿಯೂ ಭಕ್ತಿಯಿಂದಲೇ ತಲೆಗೆ ಕಟ್ಟಿಕೊಂಡೆ. ಬೆಂಚಿನ ಮೇಲೆ ಪ್ರಾರ್ಥನೆಗೆ ಕುಳಿತಿದ್ದ ಮುದುಕರೊಬ್ಬರು ತಮ್ಮ ಬೋಳುತಲೆಯನ್ನು ಮುಟ್ಟಿ ತೋರಿಸಿ, ಅದನ್ನು ಬಿಚ್ಚೆಂದು ಸನ್ನೆ ಮಾಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ನನಗೆ ಮಾತ್ರ ಕಿವಿ ಬಿಸಿಯಾದವು. ಪ್ರಾರ್ಥನೆಯ ವೇಳೆ ಗಂಡಸು ತಲೆ ಮುಚ್ಚಬಾರದೆಂಬ ಮಾತು ಬೈಬಲಿನಲ್ಲಿ ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲೇ ಇದೆಯೆಂದು ಊರಿಗೆ ಬಂದ ಮೇಲೆ ಓದಿ ತಿಳಿದೆ. ಗುರುದ್ವಾರದಲ್ಲಿ ಮುಚ್ಚುವುದರಿಂದ ಸಲ್ಲುವ ಗೌರವ ಅಲ್ಲಿ ತೆರೆಯುವುದರಿಂದ ಸಲ್ಲುತ್ತದೆ. ಆದ್ದರಿಂದ ನಿನ್ನ ಟೊಪ್ಪಿಗೆ ಬಾಗಿಲಲ್ಲೇ ಚೀಲ ಸೇರಲಿ. ಹಾಗೆಯೇ ನಮ್ಮ ಅಷ್ಟೂರಿನ ಸುಲ್ತಾನರ ಗೋರಿಯ ಗುಂಬಜದ ಮುಂದೆ ಬಿಡುವಂತೆ ರೋಮಿನ ಚರ್ಚಿನ ಮೆಟ್ಟಿಲ ಮೇಲೆ ಬೂಟು ಬಿಡಬೇಡ. ಅಲ್ಲಿ ಯಾರೂ ಬಿಡುವುದಿಲ್ಲ. ಇಸ್ತಾಂಬುಲ್‌ನ ನೀಲಿ ಮಸೀದಿಯಲ್ಲಿ ಮಾತ್ರ ನಮ್ಮ ರೂಢಿಯೇ ಕೆಲಸಕ್ಕೆ ಬರುತ್ತದೆ: ಬೂಟು ಕಳಚಬೇಕು, ಹೆಣ್ಣುಮಕ್ಕಳು ತಲೆ ಮುಚ್ಚಬೇಕು.

ಇನ್ನೊಂದು ಕಡೆ ಮೋಸ ಹೋಗುವ ಸಂಭವವಿದೆ. ರೋಮಿನ ಪ್ಯಾಂಥಿಯನ್‌ಗೆ ಈಗ ಟಿಕೆಟ್ ಇರುವುದರಿಂದ, ನಮ್ಮ ಮಹಮೂದ್ ಗವಾನನ ಮದರಸಾದಂತೆ ಅದೂ ನೋಡಿ ಬರುವ ಹಳೆಯ ಕಟ್ಟಡವಷ್ಟೇ ಎಂದು ನೀನು ಭಾವಿಸಬಹುದು. ರೋಮನ್ ಚಕ್ರವರ್ತಿಗಳ ಕಾಲದ ಆ ಗುಡಿ 609ರಿಂದ ಚರ್ಚಾಗಿದೆ, ಇಂದಿಗೂ ಅಲ್ಲಿ ಪೂಜೆ ನಡೆಯುತ್ತದೆ. ಟಿಕೆಟ್ ಕೊಂಡವನಿಗೆ ಒಳಗೆ ಹೋಗುವ ಹಕ್ಕು ಬರುತ್ತದೆಯೇ ಹೊರತು, ಮಂಡಿಯೂರಿ ಕುಳಿತವರ ಮುಂದೆ ಬನಿಯನ್ನಿನಂಥ ಅಂಗಿಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ಹಕ್ಕು ಬರುವುದಿಲ್ಲ.

ಸೊಸೆಯ ಉಡುಪಿನ ಬಗ್ಗೆ ನಾನು ಹೇಳುವುದು ಸರಿಯಲ್ಲವೆಂದು ನಿನ್ನ ಕಾಕಿ ತಡೆದಳು; ಆದ್ದರಿಂದ ಇದು ಅವಳು ಬರೆಸಿದ್ದು. ಸೀರೆಯೇ ಉಡಬೇಕೆಂದಿಲ್ಲ, ಚೂಡಿದಾರ ಸಾಕು. ತೋಳಿಲ್ಲದ ಕುಪ್ಪಸವಿದ್ದರೆ ಸೆರಗನ್ನು ಎರಡೂ ಭುಜದ ಮೇಲೆ ಹೊದೆಯಲಿ. ಬಾಗಿಲ ಬಳಿ ಮಾರುವವರನ್ನು ನಂಬಿಕೊಳ್ಳದೆ ತೆಳುವಾದ ಶಾಲೊಂದನ್ನು ಕೈಚೀಲದಲ್ಲಿ ಇಟ್ಟುಕೊಂಡರೆ ಚರ್ಚಿನಲ್ಲಿ ಭುಜಕ್ಕೂ ಮಸೀದಿಯಲ್ಲಿ ತಲೆಗೂ ಅದೇ ಆಗುತ್ತದೆ.

ಶನಿವಾರ ಅಣ್ಣ ಬೆಂಗಳೂರಿಗೆ ಬರುವಾಗ ಅಂಥ ಎರಡು ಹತ್ತಿಯ ಶಾಲು ಕಳುಹಿಸುತ್ತಿದ್ದೇವೆ. ಎರಡನೆಯದು ನಿನಗೆ, ಹೇಳಿದ್ದನ್ನು ಕೇಳದೆ ಚಡ್ಡಿಯಲ್ಲೇ ಹೊರಟರೆ ಸೊಂಟಕ್ಕೆ ಸುತ್ತಿಕೊಳ್ಳಲಿ ಎಂದು ನಿನ್ನ ಕಾಕಿ ಹೇಳುತ್ತಿದ್ದಾಳೆ.

ಇಂತಿ ನಿನ್ನ ಕಾಕಾ