ಮಗಳಿಗೊಂದು ಪತ್ರ: ಎಂಟು ಪೆಟ್ಟಿಗೆ ಬಟ್ಟೆಯ ವಿಷಯ

ಸಾಗರ,
ಆಷಾಢ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಭಾನುವಾರ ನೀನು ಮಾತು ಮುಗಿಯುವ ಮೊದಲೇ ಫೋನು ಇಟ್ಟೆ. ಅಪ್ಪನ ಹಳೆಯ ಪಂಚಾಂಗಗಳಿಗೆ ಅಟ್ಟದ ಮೇಲೆ ಜಾಗವಿದೆ, ಚೂರು ಜೋಡಿಸಿ ಕೌದಿ ಹೊದಿಕೆ ಹೊಲಿಯಲೆಂದು ನೀನು ಕೂಡಿಟ್ಟ ಬಟ್ಟೆಗೆ ಇಲ್ಲವೇ ಎಂದು ಕೇಳಿದೆಯಲ್ಲ, ಅದಕ್ಕೆ ಉತ್ತರ ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ನಾನು ಹೇಳಿದ ರೀತಿ ಒರಟಾಗಿತ್ತು, ಬೇಸರ ಮಾಡಿಕೊಳ್ಳಬೇಡ. ಹೇಳಿದ ಮಾತು ಮಾತ್ರ ಈಗಲೂ ಅದೇ: ನೀನು ಗ್ಲಾಸ್ಗೋಗೆ ಹೋಗಿ ಬರುವವರೆಗೆ ಎಂಟು ಪೆಟ್ಟಿಗೆ ಬಟ್ಟೆಯನ್ನು ಈ ಮಳೆಗಾಲದಲ್ಲಿ ಈ ಅಟ್ಟಕ್ಕೆ ಏರಿಸಲು ನಾನು ಒಪ್ಪುವುದಿಲ್ಲ.

ನನ್ನ ಅಜ್ಜಿಯ ಟ್ರಂಕಿನ ಸಂಗತಿಯನ್ನು ನಿನಗೆ ಪೂರ್ತಿಯಾಗಿ ಹೇಳಿಲ್ಲವೆಂದು ಕಾಣುತ್ತದೆ. ಅರಿಶಿನ ಕುಂಕುಮಕ್ಕೆ, ಉಡಿ ತುಂಬಿಸಿಕೊಳ್ಳಲು, ಗೌರಿ ಹಬ್ಬದ ಬಾಗಿನಕ್ಕೆ ಎಂದು ಹೋದಲ್ಲೆಲ್ಲ ಸಿಕ್ಕ ರವಿಕೆ ಕಣಗಳನ್ನು ಅವರು ಒಂದೂ ಹೊಲಿಸದೆ ಕೂಡಿಟ್ಟಿದ್ದರು. (ಒಂದು ಮನೆಯಿಂದ ಬಂದ ಕಣ ಇನ್ನೊಂದು ಮನೆಗೆ ಹೋಗಿ, ಊರೆಲ್ಲ ಸುತ್ತಿ, ಯಾರ ಮೈಯನ್ನೂ ಮುಟ್ಟದೆ ಹಳತಾಗುವುದು ನಮ್ಮ ಕಡೆ ಹೊಸದೇನಲ್ಲ.) ಅವರ ಬಳಿ ಗುಳೇದಗುಡ್ಡದ ಖಣಗಳಿದ್ದವು, ಚೌಕಳಿಯವು ಇದ್ದವು, ಸಣ್ಣ ಹೂವಿನ ಪಾಪ್ಲಿನ್ ಕೂಡ ಇತ್ತು. ನನ್ನ ಮದುವೆಗೆ ಎಲ್ಲವನ್ನೂ ಸೇರಿಸಿ ಕೌದಿ ಹೊಲಿಯುವುದು ಅವರ ಲೆಕ್ಕಾಚಾರ. ಶ್ರಾವಣದ ಮೊದಲ ಬಿಸಿಲಿಗೆ ಟ್ರಂಕನ್ನು ಅಟ್ಟದಿಂದ ಇಳಿಸಿ ಮುಚ್ಚಳ ತೆಗೆದಾಗ ಎದ್ದ ಮುಗ್ಗಲು ವಾಸನೆಯನ್ನು ನಾನು ಇನ್ನೂ ಮರೆತಿಲ್ಲ. ಮೇಲಿನ ಕಣಗಳ ತುಂಬ ಕಪ್ಪು ಚುಕ್ಕೆ, ಕೆಳಗಿನವುಗಳ ಮೇಲೆ ಬೂದು ಬಣ್ಣದ ಬೂಷ್ಟು. ಮಡಿಕೆ ಬಿಡಿಸಿದಲ್ಲಿ ಬಟ್ಟೆ ಹಪ್ಪಳದಂತೆ ಸೀಳುತ್ತಿತ್ತು.

ಮಾಡು ಸೋರಿರಲಿಲ್ಲ, ಒಂದು ಹನಿ ನೀರೂ ಟ್ರಂಕಿನ ಮೇಲೆ ಬಿದ್ದಿರಲಿಲ್ಲ. ಗಾಳಿಯಲ್ಲಿದ್ದ ತೇವವೇ ಅಷ್ಟನ್ನೂ ಮಾಡಿತ್ತು. ನೀನು ಹೋಗುತ್ತಿರುವ ಊರಿನಲ್ಲಿ ವರ್ಷವಿಡೀ ಬೀಳುವುದಕ್ಕಿಂತ ಹೆಚ್ಚು ಮಳೆ ಆಗುಂಬೆಯಲ್ಲಿ ಜುಲೈ ತಿಂಗಳೊಂದರಲ್ಲೇ ಬೀಳುತ್ತದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ, ಬಚ್ಚಲೊಲೆಯ ಮೇಲೆ ತಂತಿ ಕಟ್ಟಿ ಒಣಗಿಸಿದ ಬಟ್ಟೆ ಕೂಡ ಕಪಾಟಿಗೆ ಹೋದ ವಾರದೊಳಗೆ ತಣ್ಣಗಾಗುವುದನ್ನು ನೀನೂ ಬಲ್ಲೆ. ಅಜ್ಜಿ ಬಿಸಿನೀರು, ಅಂಟುವಾಳ, ನಿಂಬೆರಸ, ಬಿಸಿಲು ಎಲ್ಲವನ್ನೂ ಪ್ರಯೋಗಿಸಿದರು. ವಾಸನೆ ಹೋಯಿತು, ಚುಕ್ಕೆ ಹೋಗಲಿಲ್ಲ. ನನ್ನನ್ನು ಬಹಳ ಕಾಲ ಕಾಡಿದ್ದು ಬೇರೊಂದು ವಿಷಯ. ಅದೇ ಟ್ರಂಕಿನ ಮೂಲೆಯಲ್ಲಿದ್ದ, ಉಟ್ಟು ಉಟ್ಟು ತೆಳ್ಳಗಾಗಿದ್ದ ಹಳೆಯ ಸೀರೆಗಳಿಗೆ ಹೆಚ್ಚೇನೂ ಆಗಿರಲಿಲ್ಲ. ಹಾಳಾದದ್ದು ನೀರು ಕಾಣದ ಹೊಸ ಕಣಗಳೇ. ಅಂಗಡಿಯಿಂದ ಬಂದ ಬಟ್ಟೆಯಲ್ಲಿ ಗಂಜಿ ಇರುತ್ತದೆ. ಅದು ಬೂಷ್ಟಿಗೂ ಜಿರಲೆಗೂ ಊಟ. ತೊಳೆದು ತೊಳೆದು ಗಂಜಿಯೆಲ್ಲ ಹೋಗಿದ್ದ ಸೀರೆಯಲ್ಲಿ ಅವಕ್ಕೆ ಅಷ್ಟು ರುಚಿ ಸಿಕ್ಕಿರಲಿಕ್ಕಿಲ್ಲ. ಟ್ರಂಕಿನ ತಳದ ತುಕ್ಕು ತಗುಲಿದ ಕಣಗಳಂತೂ ಕಲೆಯಾದಲ್ಲೇ ತೂತು ಬಿದ್ದಿದ್ದವು. 

ಆದ್ದರಿಂದ ನಿನ್ನ ಪೆಟ್ಟಿಗೆಗಳನ್ನು ನೆನೆದಾಗ ನನಗೆ ಮೊದಲು ಕಣ್ಣಿಗೆ ಬರುವುದು ಬಣ್ಣವಲ್ಲ, ಆ ಟ್ರಂಕು. ಅದರಲ್ಲೂ ಭೀಮನಕೋಣೆಯ ಚರಕ ಕೈಮಗ್ಗ ಸಂಘದಿಂದ ನೀನು ಪ್ರತಿ ಸಲ ತಂದ ಬಟ್ಟೆಯ ಬಗ್ಗೆ ಭಯ. ಅದಕ್ಕೆ ಹಾಕುವ ಅಡಿಕೆ ಚೊಗರಿನ (ಅಡಿಕೆ ಬೇಯಿಸಿದ ನೀರಿನ) ಬಣ್ಣಕ್ಕೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ತುಕ್ಕು ಹಿಡಿದ ಒಂದು ಪಿನ್ನು ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರಾಯಿತು ಎಂದು ನೀನು ಹೇಳಿದೆ. ಬಟ್ಟೆಯೊಳಗೆ ಮೊದಲೇ ಇದ್ದ ತೇವ ಆಗ ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ಉಳಿಯುತ್ತದೆ. ನುಸಿಗುಳಿಗೆ ಹುಳವನ್ನು ದೂರವಿಡುತ್ತದೆಯೇ ಹೊರತು ಬೂಷ್ಟನ್ನಲ್ಲ.

ಕಳೆದ ಸಲ ನೀನು ಹೊಲಿದ ಕೌದಿಯನ್ನು ನೋಡಿದ ಪಕ್ಕದ ಮನೆಯವರು ಇದು ಯಂತ್ರದ್ದೇ ಇರಬೇಕೆಂದು ವಾದಿಸಿದರು. ನಾನು ತಿರುಗಿಸಿ ಹಿಂಬದಿಯ ಹೊಲಿಗೆಯನ್ನು ತೋರಿಸಿದೆ. ಅಷ್ಟು ಸಮನಾದ ಹೊಲಿಗೆ ನನಗೂ ಬಾರದು, ಅಜ್ಜಿಗೂ ಬರುತ್ತಿರಲಿಲ್ಲ. ಆದರೆ ಬಟ್ಟೆ ಕೂಡಿಸುವುದರಲ್ಲಿ ನಿನ್ನ ಕೈ ಹೊಲಿಗೆಯಷ್ಟು ಹದವಾಗಿಲ್ಲ, ಇದನ್ನು ಹೇಳದೆ ಇರಲಾರೆ. ನಿನ್ನ ಪೆಟ್ಟಿಗೆಗಳಲ್ಲಿ ಇರುವುದೆಲ್ಲ ದೊಡ್ಡ ಹೂವು, ದೊಡ್ಡ ಬಳ್ಳಿ. ಕೊಳ್ಳುವಾಗ ಕಣ್ಣು ಹೂವಿಗೆ ಹೋಗುತ್ತದೆ, ಹೊಲಿಯಲು ಕುಳಿತಾಗ ಸಾಲದೆ ಬರುವುದು ಸಾದಾ ಬಟ್ಟೆ. ನಿನ್ನ ಫೋನಿನಲ್ಲಿ ಎಲ್ಲದರ ಕಪ್ಪು ಬಿಳುಪು ಚಿತ್ರ ತೆಗೆದು ನೋಡು. ಬಣ್ಣ ಬೇರೆಯಾದರೂ ಮುಕ್ಕಾಲುಪಾಲು ಒಂದೇ ಬೂದು ಬಣ್ಣವಾಗಿ ಕಂಡೀತು. ತಿಳಿ ಬಣ್ಣದ್ದೂ ಗಾಢ ಬಣ್ಣದ್ದೂ ಇಲ್ಲದೆ ಚೌಕಗಳು ಒಂದರಿಂದೊಂದು ಬಿಡಿಸಿಕೊಂಡು ಕಾಣುವುದಿಲ್ಲ. ಚಂದವೆಂದು ಅರ್ಧರ್ಧ ಮೀಟರ್ ಕೊಂಡದ್ದು ರಾಶಿಯಾಗಿದೆ, ಹಿಂಬದಿಗೆ ಹಾಕಲು ಉದ್ದದ ಬಟ್ಟೆ ಒಂದೂ ಇಲ್ಲ. 60 ಇಂಚು ಅಗಲ, 80 ಇಂಚು ಉದ್ದದ ಕೌದಿಗೆ 44 ಇಂಚು ಪನ್ನದ (ಅಗಲದ) ಬಟ್ಟೆಯನ್ನು ಎರಡು ಉದ್ದ ಜೋಡಿಸಬೇಕು, ಅಂದರೆ ಸುಮಾರು ನಾಲ್ಕೂವರೆ ಮೀಟರ್. ಯಲ್ಲಾಪುರ, ಹಳಿಯಾಳದ ಸಿದ್ದಿ ಸಮುದಾಯದ ಹೆಂಗಸರು ಕೌದಿಯನ್ನು ಅಂಚಿನಿಂದ ಹೊಲಿಯುತ್ತಾ ನಡುವಿಗೆ ಬರುವುದನ್ನು ನೀನೇ ನನಗೆ ವಿವರಿಸಿದ್ದೆ. ಅವರು ಕೌದಿಗೆಂದು ಬಟ್ಟೆ ಕೂಡಿಡುವುದು ಎಲ್ಲಿ ಬಂತು? ಮನೆಯವರು ಉಟ್ಟು ಬಿಟ್ಟದ್ದೇ ಅವರ ದಾಸ್ತಾನು. ಹಳೆಯ ಸೀರೆಗೆ ಕುಗ್ಗುವ ಭಯವಿಲ್ಲ, ಬಣ್ಣ ಬಿಡುವುದಿದ್ದರೆ ಎಂದೋ ಬಿಟ್ಟಿರುತ್ತದೆ. ಇದು ಉಪದೇಶವಾಯಿತೆಂದು ಗೊತ್ತು, ಮೇಷ್ಟರಗಿರಿ ಬಿಟ್ಟರೂ ಅಭ್ಯಾಸ ಬಿಡುವುದಿಲ್ಲ.

ಈಗ ಮಾಡಬೇಕಾದ್ದು ಕೇಳು. ಒಂದು ಮೀಟರ್ ಪಾಪ್ಲಿನ್ ಹೆಚ್ಚುಕಡಿಮೆ 140 ಗ್ರಾಂ ತೂಗುತ್ತದೆ. ವಿಮಾನದಲ್ಲಿ ಒಯ್ಯುವ 23 ಕೆಜಿಯ ಪೆಟ್ಟಿಗೆಯಲ್ಲಿ ಹತ್ತು ಕೆಜಿ ಬಟ್ಟೆಗೆ ಕೊಟ್ಟರೂ ಎಪ್ಪತ್ತು ಮೀಟರ್ ಹೋಗುತ್ತದೆ. ಅಲ್ಲಿ ಸಿಗದ ಮಗ್ಗದ ಬಟ್ಟೆ, ಚರಕದ್ದು, ಖಾದಿ, ಇವಿಷ್ಟನ್ನು ಒಯ್ಯಿ. ಹೂವಿನ ಪಾಪ್ಲಿನ್ ಯಾವ ದೇಶದಲ್ಲಾದರೂ ಸಿಗುತ್ತದೆ. ಅನುಮಾನವಿರುವ ಬಟ್ಟೆಯ ಅಂಚಿನಿಂದ ಎರಡು ಎಳೆ ತೆಗೆದು ಸುಟ್ಟು ನೋಡು: ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರಿದರೆ ಹತ್ತಿ, ಕರಗಿ ಗಟ್ಟಿ ಗುಂಡಾದರೆ ಪಾಲಿಯೆಸ್ಟರ್. ಎರಡನೆಯದನ್ನು ಕೆಳಗಿನ ಮನೆಯ ಹುಡುಗಿಗೆ ಕೊಟ್ಟುಬಿಡು, ಚೀಲ ಹೊಲಿದುಕೊಳ್ಳಲಿ. ಉಳಿದದ್ದನ್ನು ಚೆನ್ನಾಗಿ ತೊಳೆದು ಗಂಜಿ ಬಿಡಿಸು. ಕೆಂಪು, ನೀಲಿಗಳನ್ನು ಬೇರೆಯಾಗಿ ನೆನೆಸಿ, ಒದ್ದೆ ಇರುವಾಗಲೇ ಬಿಳಿ ಬಟ್ಟೆ ಚೂರಿನಿಂದ ಒತ್ತಿ, ಬಣ್ಣ ಬಿಡುತ್ತದೆಯೇ ನೋಡು. ಒಣಗಿದ ಮೇಲೆ ದೀಪಾವಳಿಯವರೆಗೆ ಎಲ್ಲವೂ ಬೆಂಗಳೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿರಲಿ. ನಾನು ಅವಳೊಡನೆ ಮಾತನಾಡಿದ್ದೇನೆ, ಜಾಗವಿದೆ ಎಂದಿದ್ದಾಳೆ. ಕಾರ್ತೀಕದ ಬಿಸಿಲಿಗೆ ಅಪ್ಪ ಹೋಗಿ ತರುತ್ತಾರೆ. ಆಗ ಅಟ್ಟದ ಬದಲು ನನ್ನ ಕೋಣೆಯ ಮರದ ಕಪಾಟಿನಲ್ಲಿ ಇಡುತ್ತೇನೆ, ಮಳೆ ಬಿಟ್ಟ ದಿನಗಳಲ್ಲಿ ತೆಗೆದು ಮಡಿಕೆ ಬದಲಿಸುತ್ತೇನೆ.

ಅಲ್ಲಿ ಚಳಿಗೆ ನೀನು ಒಬ್ಬಳೇ ಕುಳಿತು ಹೊಲಿಯುವುದನ್ನು ನೆನೆದರೆ ಸಂಕಟವಾಗುತ್ತದೆ. ನನ್ನ ಹಸಿರು ಇಳಕಲ್ ಸೀರೆಯನ್ನು ಈ ವಾರ ಪಾರ್ಸೆಲ್ಲಿಗೆ ಹಾಕುತ್ತೇನೆ. ಅದರ ಒಡಲು ಹತ್ತಿಯದು, ಕತ್ತರಿಸಬಹುದು. ಸೆರಗು ರೇಷ್ಮೆಯದು, ಹತ್ತಿಯೊಂದಿಗೆ ತೊಳೆಯಲು ಬಾರದು, ಅದನ್ನು ಬಿಡಿಸಿ ಬೇರೆ ಮಡಿಸಿಡು. ಪೆಟ್ಟಿಗೆಗಳ ತೂಕ ಎಷ್ಟಾಯಿತೆಂದು ಗುರುವಾರದೊಳಗೆ ಅಪ್ಪನಿಗೆ ತಿಳಿಸು, ನನ್ನ ಮೇಲೆ ಕೋಪವಿದ್ದರೂ ಸರಿ.

ಇತಿ,
ನಿನ್ನ ಅಮ್ಮ