ಮರೆತ ಸಿವುಡು ಯಾರದ್ದು? – ಮಗಳಿಗೊಂದು ಪತ್ರ

ಉಡುಪಿ

ಪ್ರೀತಿಯ ಮಗಳೇ,

ನಿನ್ನ ಪತ್ರ ತಲುಪಿತು. ಬಡವನಿಗೆ ಪರಲೋಕದ ಆಸೆ ತೋರಿಸಿ ಈ ಲೋಕದಲ್ಲಿ ಅವನ ಬಾಯಿ ಮುಚ್ಚಿಸುವುದಕ್ಕಷ್ಟೇ ನಮ್ಮ ಕ್ರೈಸ್ತ ವಿಶ್ವಾಸ ಉಪಯೋಗಕ್ಕೆ ಬಂದಿದೆಯಲ್ಲವೇ ಎಂದು ನೀನು ಕೇಳಿದ್ದೀಯ. ಪ್ರಶ್ನೆ ಖಾರವಾಗಿದೆ, ಆದರೆ ಕೇಳಬಾರದ್ದೇನೂ ಅಲ್ಲ. ಪ್ರವಾದಿ ಆಮೋಸನು ಇನ್ನೂ ಕಟುವಾಗಿ ಮಾತನಾಡಿದ್ದಾನೆ. ಬಡವರನ್ನು ಒಂದು ಜೊತೆ ಕೆರಕ್ಕೆ ಮಾರುವ ಜನರ ಹಬ್ಬಗಳೂ ಹಾಡುಗಳೂ ದೇವರಿಗೆ ಬೇಡವೆಂದು ಸಾರಿದವನು ಅವನು. ಆದ್ದರಿಂದ ನಿನ್ನನ್ನು ಸಮಾಧಾನಪಡಿಸುವ ಗೊಡವೆಗೆ ಹೋಗದೆ, ಆ ವಿಶ್ವಾಸದ ಭರವಸೆ ನನಗೆ ಎಲ್ಲಿ ಕಂಡಿತೆಂಬುದನ್ನು ಬರೆಯುತ್ತೇನೆ.

ಬೈಬಲ್ಲಿನ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವನ್ನು ಬಿಡುವಾದಾಗ ತೆಗೆದು ನೋಡು. ಪೈರು ಕೊಯ್ಯುವಾಗ ಒಂದು ಸಿವುಡನ್ನು, ಎಂದರೆ ತೆನೆಗಳ ಕಟ್ಟನ್ನು, ಹೊಲದಲ್ಲೇ ಮರೆತು ಬಂದರೆ ಅದನ್ನು ತರಲು ಹಿಂದಿರುಗಿ ಹೋಗಬಾರದು, ಅದು ಪರದೇಶಿಗೂ ತಂದೆಯಿಲ್ಲದವನಿಗೂ ವಿಧವೆಗೂ ಸೇರತಕ್ಕದ್ದು ಎಂಬ ಆಜ್ಞೆ ಅಲ್ಲಿದೆ. ಇದು ದಾನವಲ್ಲ ಎಂಬುದನ್ನು ಗಮನಿಸು. ಹಕ್ಕಲಾಯುವವಳು, ಎಂದರೆ ಕೊಯ್ಲಾದ ಹೊಲದಲ್ಲಿ ಉಳಿದ ತೆನೆಗಳನ್ನು ಆಯ್ದುಕೊಳ್ಳುವವಳು, ಯಾರ ಮುಂದೆಯೂ ಕೈಯೊಡ್ಡಬೇಕಾಗಿಲ್ಲ. ಹೊಲದ ಯಜಮಾನನಿಗೂ ತಾನು ಕೊಟ್ಟೆನೆಂದು ಹೇಳಿಕೊಳ್ಳುವ ಅವಕಾಶವಿಲ್ಲ, ಏಕೆಂದರೆ ಮರೆತು ಬಂದದ್ದನ್ನು ಕೊಟ್ಟೆನೆಂದು ಹೇಳುವುದಾದರೂ ಹೇಗೆ? ಮೋವಾಬಿನಿಂದ ಬಂದ ವಿಧವೆ ರೂತಳು ಬೇತ್ಲೆಹೇಮಿನಲ್ಲಿ ಹಕ್ಕಲಾಯ್ದು ಅತ್ತೆಯನ್ನೂ ತನ್ನನ್ನೂ ಉಳಿಸಿಕೊಂಡದ್ದು ಇಂಥ ನಿಯಮದ ಬಲದಿಂದಲೇ, ಮತ್ತು ಮತ್ತಾಯನು ಕೊಡುವ ಯೇಸುವಿನ ವಂಶಾವಳಿಯಲ್ಲಿ ಅವಳ ಹೆಸರೂ ಇದೆ. ಈಗ ನಮ್ಮ ಚರ್ಚಿನ ಸುಗ್ಗಿ ಹಬ್ಬವನ್ನು ನೆನಪಿಸಿಕೋ. ಒಂದು ಬಾಳೆಗೊನೆಯನ್ನು ಯಾರೋ ಎಷ್ಟೋ ಸಾವಿರಕ್ಕೆ ಏಲಂನಲ್ಲಿ ಕೂಗಿದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತೇವೆ, ಕೂಗಿದವರು ಯಾರೆಂಬುದು ವರ್ಷವಿಡೀ ನೆನಪಿರುತ್ತದೆ. ಹಕ್ಕಲಿನ ನಿಯಮ ಮಾಡಿದವನಿಗೆ ಇದು ಹಿಡಿಸೀತೇ ಎಂದು ನನಗೆ ಅನುಮಾನ.

ನಮ್ಮ ಕರಾವಳಿಯ ಸಂಗತಿಯನ್ನೇ ತೆಗೆದುಕೊ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿಗೆ ಬಂದ ಮೇಲೆ ಕ್ರೈಸ್ತ ಸಭೆಗೆ ಸೇರಿದವರಲ್ಲಿ ಎಷ್ಟೋ ಮಂದಿ ಮನೆಯನ್ನೂ ಕುಲಕಸುಬನ್ನೂ ಕಳೆದುಕೊಂಡು ಬೀದಿಗೆ ಬಿದ್ದರು. ಅವರಿಗೆ ಬರೀ ಬೋಧನೆ ಮಾಡಿದ್ದರೆ ನಿನ್ನ ಮಾತೇ ನಿಜವಾಗುತ್ತಿತ್ತು. ಹಾಗಾಗಲಿಲ್ಲ, ಮಗ್ಗಗಳೂ ಮುದ್ರಣಾಲಯವೂ ಬಂದವು, 1865ರಲ್ಲಿ ಅದೇ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಅದು ಧಣಿ-ಆಳುಗಳಿಲ್ಲದ ಲೋಕವಾಗಿತ್ತೆಂದು ನಾನು ಹೇಳುವುದಿಲ್ಲ. ಆದರೆ ದುಡಿದವನ ಕೈಗೆ ಕೂಲಿ ಬಂತು. ಮಂಗಳೂರಿನ ಕಂಕನಾಡಿಯಲ್ಲಿ ಜೆಸ್ವಿತ್ ಸಂಘದ ಪಾದ್ರಿ ಮುಲ್ಲರ್ ಅವರು 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡಲಾರಂಭಿಸಿ, 1890ರಲ್ಲಿ ಸ್ವಂತ ಮನೆಯವರೇ ಹೊರಗಿಟ್ಟ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಉಡುಪಿಯ ಮಿಷನ್ ಆಸ್ಪತ್ರೆಯ ಚರಿತ್ರೆ 1923ರಲ್ಲಿ ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ ಅವರಿಂದ ಮೊದಲಾಗುತ್ತದೆ.

ಇವು ದೊಡ್ಡವರ ಹೆಸರುಗಳು. ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದಿರುವವಳು ನಾನು ನರ್ಸ್ ಆಗಿದ್ದಾಗ ವಾರ್ಡಿನಲ್ಲಿ ಕೆಲಸಕ್ಕಿದ್ದ ಒಬ್ಬ ಆಯಾ. ಮಲ್ಪೆಯ ಬೋಟಿನಿಂದ ಒಡಿಶಾದ ಹುಡುಗನೊಬ್ಬನನ್ನು ತಂದಿದ್ದರು. ಬಲೆ ಎಳೆಯುವ ಹಗ್ಗಕ್ಕೆ ಸಿಕ್ಕಿ ಅವನ ಬಲಗೈಯ ಬೆರಳುಗಳು ಜಜ್ಜಿಹೋಗಿದ್ದವು. ಕರೆತಂದವರಿಗೆ ಅವನು ಬರೀ ‘ಭಯ್ಯಾ’. ದಾಖಲಾತಿ ಕಾಗದದಲ್ಲಿ ಸಂಬಂಧಿಕರ ಜಾಗ ಖಾಲಿಯಾಗಿಯೇ ಇತ್ತು. ತುಳು ಬಿಟ್ಟರೆ ಬೇರೇನೂ ಬಾರದ ಆ ಹೆಂಗಸು ಗಂಜಿಯ ಬಟ್ಟಲನ್ನು ಕೆಳಗಿಟ್ಟು, ತನ್ನ ಎದೆ ಮುಟ್ಟಿ ತನ್ನ ಹೆಸರು ಹೇಳಿ, ಆಮೇಲೆ ಅವನತ್ತ ಬೆರಳು ತೋರಿಸಿದಳು. ಅವನು ಹೆಸರು ಹೇಳಿದ. ಅವಳು ಅದನ್ನು ಸಾಧ್ಯವಾದಷ್ಟು ಕೆಡಿಸಿ ಉಚ್ಚರಿಸಿದ್ದಕ್ಕೆ ಅವನಿಗೆ ನಗು ಬಂತು, ಮರುದಿನದಿಂದ ಇಡೀ ವಾರ್ಡು ಅವನನ್ನು ಹಾಗೆಯೇ ಕರೆಯಿತು. ಲೂಕನ ಸುವಾರ್ತೆಯ 16ನೆಯ ಅಧ್ಯಾಯದಲ್ಲಿ ಯೇಸು ಹೇಳುವ ಸಾಮ್ಯಕಥೆಯಲ್ಲಿ ಐಶ್ವರ್ಯವಂತನಿಗೆ ಹೆಸರಿಲ್ಲ. ಅವನ ಬಾಗಿಲಲ್ಲಿ ಹುಣ್ಣುಗಳೊಂದಿಗೆ ಬಿದ್ದಿದ್ದವನಿಗೆ ಲಾಜರನೆಂಬ ಹೆಸರಿದೆ. ಅದು ಕೇವಲ ಕಥೆಯ ಜಾಣ್ಮೆಯಲ್ಲವೆಂದು ನನಗೆ ಮನವರಿಕೆಯಾದದ್ದು ಆ ಮಂಚದ ಬಳಿ.

ಹೆತ್ತ ತಾಯಿ ಮರೆತರೂ ನಾನು ಮರೆಯೆನು, ನಿನ್ನನ್ನು ನನ್ನ ಅಂಗೈಗಳಲ್ಲಿ ಕೆತ್ತಿದ್ದೇನೆ ಎಂದು ಯೆಶಾಯನ ಮೂಲಕ ನುಡಿದ ದೇವರನ್ನು ನಾವು ನಂಬುವುದಾದರೆ, ಯಾರನ್ನೇ ಆಗಲಿ ಲೆಕ್ಕದಿಂದ ಕೈಬಿಡುವ ಅಧಿಕಾರ ನಮಗೆ ಉಳಿಯುವುದಿಲ್ಲ. ಸ್ವಂತದ್ದೊಂದು ಸಮಾಧಿಯೂ ಇಲ್ಲದೆ ಯೋಸೇಫನೆಂಬವನ ಗುಹೆಯಲ್ಲಿ ಇಡಲ್ಪಟ್ಟ ಯೇಸುವನ್ನು, ಅಧಿಕಾರಿಗಳು ಇವನ ಕಥೆ ಮುಗಿಯಿತೆಂದುಕೊಂಡವನನ್ನು, ದೇವರು ಎಬ್ಬಿಸಿದನು ಎಂಬುದೇ ನಮ್ಮ ಭರವಸೆ. ಬಡವನಿಗೆ ಸಹಿಸಿಕೊ ಎಂದು ಹೇಳಲು ಅದನ್ನು ಬಳಸುವವರು ಇದ್ದಾರೆ, ಒಪ್ಪುತ್ತೇನೆ. ಆದರೆ ಅದು ಮೊದಲು ತಡೆಯುವುದು ಉಳ್ಳವರಾದ ನಮ್ಮನ್ನು.

ನಿನ್ನ ಅಪಾರ್ಟ್‌ಮೆಂಟಿನಲ್ಲಿ ಕಸ ಒಯ್ಯುವ ಹೆಂಗಸಿಗೆ ತಿಂಗಳ ಸಂಬಳ ಸಮಯಕ್ಕೆ ಸಿಗುತ್ತಿಲ್ಲವೆಂದು ಹಿಂದೊಮ್ಮೆ ನೀನೇ ಬರೆದಿದ್ದೆ. ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆ ಎಂದು ಯಾಕೋಬನ ಪತ್ರದ 5ನೆಯ ಅಧ್ಯಾಯ ಹೇಳುತ್ತದೆ. ಮುಂದಿನ ಅಸೋಸಿಯೇಶನ್ ಸಭೆಯಲ್ಲಿ ಆ ಮಾತೆತ್ತು; ಎತ್ತುವ ಮುನ್ನ ಅವಳ ಹೆಸರನ್ನೂ ಬರಬೇಕಾದ ಬಾಕಿಯನ್ನೂ ಅವಳಿಂದಲೇ ಕೇಳಿ ಬರೆದುಕೊ. ಏನಾಯಿತೆಂದು ನನಗೆ ತಿಳಿಸು.

ನಿನ್ನ ಅಮ್ಮ