ಹಿಮಗಡ್ಡೆಯ ಮೇಲೊಂದು ರನ್‌ವೇ

ಊರಿನಿಂದ ಬಂದ ನೆಂಟರನ್ನು ಓಸ್ಲೋದಲ್ಲಿರುವ, ಧ್ರುವಯಾನಗಳ ಕಥೆ ಹೇಳುವ ಫ್ರಾಮ್ ಸಂಗ್ರಹಾಲಯಕ್ಕೆ ಕರೆದೊಯ್ಯುವುದು ನಮ್ಮಲ್ಲಿ ಹಲವರಿಗೆ ರೂಢಿಯೇ ಆಗಿದೆ. ಅಲ್ಲಿಂದ ಹೊರಬರುವಾಗ ಎಲ್ಲರ ಬಾಯಲ್ಲೂ ನಾರ್ವೆಯ ಧ್ರುವ ಅನ್ವೇಷಕ ಅಮುಂಡ್ಸೆನ್ ಅವರ ಹೆಸರಿರುತ್ತದೆ. ಅವರನ್ನು ಸಾವಿನ ದವಡೆಯಿಂದ ಹಾರಿಸಿಕೊಂಡು ಬಂದ ಯಾಲ್ಮರ್ ರೀಸರ್-ಲಾರ್ಸನ್ ಅವರ ಹೆಸರು ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ.

1890ರಲ್ಲಿ ಹುಟ್ಟಿ, ನಾರ್ವೆಯ ನೌಕಾಪಡೆ ಸೇರಿ, 1915ರಲ್ಲಿ ಅದರ ವಿಮಾನ ವಿಭಾಗಕ್ಕೆ ಬಂದ ಈ ಅಧಿಕಾರಿ 1925ರ ಮೇ 21ರಂದು ಅಮುಂಡ್ಸೆನ್ ಜೊತೆ ಆರ್ಕ್ಟಿಕ್‌ನ ಸ್ಪಿಟ್ಸ್‌ಬರ್ಗೆನ್ ದ್ವೀಪದಿಂದ ಉತ್ತರ ಧ್ರುವದತ್ತ ಹೊರಟರು. ಎರಡು ಡಾರ್ನಿಯರ್ ವಿಮಾನಗಳು, ಆರು ಜನ. ಸುಮಾರು 88 ಡಿಗ್ರಿ ಅಕ್ಷಾಂಶದ ಬಳಿ ಮಂಜುಗಡ್ಡೆಯ ನಡುವೆ ಇಳಿದಾಗ ಒಂದು ವಿಮಾನ ಕೆಲಸಕ್ಕೆ ಬಾರದಂತಾಯಿತು. ಉಳಿದೊಂದು ವಿಮಾನದಲ್ಲಿ ಆರೂ ಜನ ಮರಳಬೇಕಿದ್ದರೆ ಮೊದಲು ರನ್‌ವೇ ಬೇಕಿತ್ತು. ಕೈಯಲ್ಲಿದ್ದದ್ದು ಮರದ ಸಲಿಕೆ, ಸಣ್ಣ ಕೊಡಲಿ, ಸ್ಕೀ ಕೋಲಿಗೆ ಕಟ್ಟಿದ ಚಾಕು. ದಿನದ ಊಟವನ್ನು ಕಡಿತಗೊಳಿಸಿ, ನೂರಾರು ಟನ್ ಹಿಮವನ್ನು ಕಡಿದು ಸರಿಸಿ, ಸಮಮಾಡಿದ ನೆಲ ಬಿರುಕು ಬಿಟ್ಟಾಗಲೆಲ್ಲ ಬೇರೆಡೆ ಮತ್ತೆ ಮೊದಲಿನಿಂದ ಆರಂಭಿಸಿ, ಕೊನೆಗೆ ಜೂನ್ 15ರಂದು ರೀಸರ್-ಲಾರ್ಸನ್ ಆರು ಜನರ ಭಾರ ಹೊತ್ತ ವಿಮಾನವನ್ನು ಮೇಲೆಬ್ಬಿಸಿದರು. ಮರುವರ್ಷ ‘ನೋರ್ಗೆ’ ವಾಯುನೌಕೆ ಧ್ರುವವನ್ನು ದಾಟಿ ಅಲಾಸ್ಕ ತಲುಪಿದಾಗ ದಿಕ್ಕು ಲೆಕ್ಕಹಾಕುವ ಹೊಣೆ ಇವರದೇ ಆಗಿತ್ತು. ಕೀರ್ತಿ ತಂದದ್ದು ಆ ಯಾನವಾದರೂ, ಮನುಷ್ಯ ಎಂಥವನೆಂದು ತಿಳಿಯುವುದು ಹಿಂದಿನ ವರ್ಷದ ಸಲಿಕೆ ಕೆಲಸದಿಂದ ಎಂದೇ ನನ್ನ ಅಭಿಪ್ರಾಯ.

1929–30ರಲ್ಲಿ ‘ನಾರ್ವೇಜಿಯಾ’ ಹಡಗಿನ ಯಾತ್ರೆಯಲ್ಲಿ ಅವರು ಅಂಟಾರ್ಕ್ಟಿಕದ ಕರಾವಳಿಯ ಮೇಲೆ ಹಾರಾಡಿ ಸಮೀಕ್ಷೆ ನಡೆಸಿದರು. (ಅಂದು ಅವರ ತಂಡ ಶೋಧಿಸಿದ ಕರಾವಳಿಯೂ ಇಂದು ಭಾರತದ ‘ಮೈತ್ರಿ’ ಸಂಶೋಧನಾ ಕೇಂದ್ರವಿರುವ ಜಾಗವೂ ಕ್ವೀನ್ ಮೌಡ್ ಲ್ಯಾಂಡ್‌ಗೇ ಸೇರಿವೆ.) 1933ರಿಂದ ನಾರ್ವೆಯ ನಾಗರಿಕ ವಿಮಾನ ಸಂಸ್ಥೆಯನ್ನು ಮುನ್ನಡೆಸಿದರು.

1940ರ ಏಪ್ರಿಲ್ 9ರಂದು ಜರ್ಮನರು ನಾರ್ವೆಯ ಮೇಲೆ ದಾಳಿಯಿಟ್ಟರು. ಎರಡು ತಿಂಗಳಲ್ಲಿ ದೊರೆಯೂ ಸರ್ಕಾರವೂ ಲಂಡನ್ ಸೇರಬೇಕಾಯಿತು. ನೆಲವೇ ಕೈತಪ್ಪಿದ ದೇಶಕ್ಕೆ ಪೈಲಟ್‌ಗಳನ್ನು ತಯಾರು ಮಾಡುವುದು ಎಲ್ಲಿ? ಕೆನಡಾದ ಟೊರಾಂಟೊದಲ್ಲಿ, ದ್ವೀಪ ವಿಮಾನ ನಿಲ್ದಾಣದ ಬಳಿ ‘ಲಿಟ್ಲ್ ನಾರ್ವೆ’ ಎಂಬ ತರಬೇತಿ ಶಿಬಿರ ತಲೆಯೆತ್ತಿತು. ಅದನ್ನು ಕಟ್ಟಿ ನಿಲ್ಲಿಸಿದವರಲ್ಲಿ ರೀಸರ್-ಲಾರ್ಸನ್ ಮುಖ್ಯರು. ಸ್ವೀಡನ್, ಸೈಬೀರಿಯ, ಜಪಾನ್ ದಾಟಿ ಅರ್ಧ ಭೂಮಿ ಸುತ್ತಿಕೊಂಡು ತರುಣರು ಅಲ್ಲಿಗೆ ಬಂದು ಸೇರಿದರು. ಮುಂದೆ ರೀಸರ್-ಲಾರ್ಸನ್ ಲಂಡನ್‌ನಲ್ಲಿದ್ದುಕೊಂಡು ನಾರ್ವೆಯ ಇಡೀ ವಾಯುಬಲದ ಮುಖ್ಯಸ್ಥರಾದರು; ಭೂಸೇನೆ ಮತ್ತು ನೌಕಾಪಡೆಗಳಿಗೆ ಬೇರೆಬೇರೆಯಾಗಿದ್ದ ವಿಮಾನದಳಗಳು ಒಂದಾಗಿ 1944ರ ನವೆಂಬರ್ 10ರಂದು ರಾಯಲ್ ನಾರ್ವೇಜಿಯನ್ ವಾಯುಪಡೆ ಸ್ವತಂತ್ರ ಪಡೆಯಾಯಿತು.

ಅಭಿಮಾನದಿಂದ ಬರೆಯುವವರು ಇಲ್ಲಿಗೇ ನಿಲ್ಲಿಸುವುದುಂಟು. ಆದರೆ ಯುದ್ಧ ಮುಗಿಯುವ ಹೊತ್ತಿಗೆ ಅವರ ಕೈಕೆಳಗಿನ ಅನೇಕ ಪೈಲಟ್‌ಗಳೇ ಅವರ ನಾಯಕತ್ವವನ್ನು ಟೀಕಿಸತೊಡಗಿದ್ದರು. 1946ರಲ್ಲಿ ಅವರು ಕಹಿ ಮನಸ್ಸಿನಿಂದಲೇ ವಾಯುಪಡೆ ಬಿಟ್ಟರು. ಬಳಿಕ ಅವರು ಹಿಂದಿರುಗಿದ್ದು ತಮ್ಮ ಹಳೆಯ ವಿಮಾನ ಸಂಸ್ಥೆಗೆ. ಅದು ಸ್ಕ್ಯಾಂಡಿನೇವಿಯದ ಮೂರು ದೇಶಗಳ ಜಂಟಿ ಸಂಸ್ಥೆಯ ಭಾಗವಾದಾಗ ಖಂಡಾಂತರ ಮಾರ್ಗಗಳ ಕೆಲಸ ಇವರ ಪಾಲಿಗೆ ಬಂತು. 1965ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ, ಕೋಪನ್‌ಹೇಗನ್‌ನಿಂದ ಆರ್ಕ್ಟಿಕ್ ಮೇಲೆ ಹಾದು ಲಾಸ್ ಏಂಜಲೀಸ್‌ಗೆ ಹೋಗುವ ವಿಮಾನಸೇವೆ ಆರಂಭವಾಗಿ ಹತ್ತು ವರ್ಷ ಕಳೆದಿತ್ತು.